ಮೂರನೆಯ ಮುಳುಗು

"ತಂದೆ, ಮಗ, ಪವಿತ್ರಾತ್ಮ ಅನ್ನೋ ಮೂರು ಬಿರುದಿನಾಗ ಮುಳುಗಿದ್ದು ಬರೇ ಮೈ ತೋಯಿಸ್ಕೊಂಡಂಗ, ಅಷ್ಟ," ಎಂದು ಹೊಸ ಪಾಸ್ಟರು ಚಿರಂಜೀವಿ ಅಯ್ಯಗಾರು ಪ್ರಾರ್ಥನಾ ಮಂದಿರದಲ್ಲಿ ಹೇಳಿದರು. "ತಂದೆ ಅನ್ನೋದು ಹೆಸರಲ್ಲ, ಮಗ ಅನ್ನೋದೂ ಹೆಸರಲ್ಲ. ಒಬ್ಬ ಮನುಷ್ಯ ಹೆಂಡ್ತಿಗೆ ಗಂಡ, ಮಗನಿಗೆ ಅಪ್ಪ, ತಾಯಿಗೆ ಮಗ. ಅಷ್ಟಕ್ಕ ಮೂರು ಮಂದಿ ಆಗ್ತಾನೇನು? ದೇವ್ರು ಒಬ್ಬನೇ. ಆತನ ಹೆಸ್ರು ಯೇಸು. ಮುಂದಿನ ಆದಿತ್ಯವಾರ ಆ ಹೆಸ್ರಿನಾಗ ಎಲ್ರೂ ಮತ್ತೊಮ್ಮೆ ಬಾಪ್ತಿಸ್ಮ ತಗೋಬೇಕು."

ಎಲ್ಲರೂ ತಲೆಯಾಡಿಸಿದರು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಈರಕ್ಕ ಮಾತ್ರ ಆಡಿಸಲಿಲ್ಲ. ಮೈ ತೋಯಿಸಿಕೊಂಡಂಗೆ ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತ್ತು.

ಚಿರಂಜೀವಿ ಅಯ್ಯಗಾರು ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಪಾಸ್ಟರು ಬೋರಯ್ಯನವರು ತೀರಿಕೊಂಡ ಮೇಲೆ ಬೊಮ್ಮನಹಾಳ್ ಕಡೆಯ ಆ ಸಣ್ಣ ಊರಿಗೆ ಬರಲು ಯಾರೂ ಒಪ್ಪದಿದ್ದಾಗ ಬಂದವರು ಅವರೊಬ್ಬರೇ. ಯಾರದಾದರೂ ಮಗುವಿಗೆ ಜ್ವರ ಬಂದರೆ ತಮ್ಮ ಬೈಕಿನಲ್ಲೇ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಓಡುವರು. ವಯಸ್ಸು ಮೂವತ್ತು ದಾಟಿರಲಿಲ್ಲ. ಓದಿದ್ದನ್ನು ನಂಬಿದ್ದರು, ನಂಬಿದ್ದನ್ನು ಹೇಳದೆ ಇರಲಾರರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟದ ಕೆಲಸವೇ.

ಈರಕ್ಕನ ಗಂಡ ಓಬುಲೇಶ್ ಬೋರಯ್ಯನವರ ಕೈಯಲ್ಲಿ ಬಾಪ್ತಿಸ್ಮ, ಅಂದರೆ ನೀರಿನಲ್ಲಿ ಮುಳುಗುವ ದೀಕ್ಷಾಸ್ನಾನ, ಮಾಡಿಸಿಕೊಂಡವನು. ಬೋರಯ್ಯನವರ ಪದ್ಧತಿಯೇ ಬೇರೆ. ತಂದೆಯ ಹೆಸರಿಗೊಂದು, ಕುಮಾರನ ಹೆಸರಿಗೊಂದು, ಪವಿತ್ರಾತ್ಮನ ಹೆಸರಿಗೊಂದು ಹೀಗೆ ಕಾಲುವೆಯಲ್ಲಿ ಮೂರು ಸಲ ಮುಳುಗಿಸುವರು. ಓಬುಲೇಶನಿಗೋ ನೀರೆಂದರೆ ಜೀವ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅವನ ಅಣ್ಣ ಎತ್ತು ತೊಳೆಯಲು ಇಳಿದು ಇವನ ಕಣ್ಣೆದುರೇ ಅದೇ ಕಾಲುವೆಯಲ್ಲಿ ಕೊಚ್ಚಿಕೊಂಡು ಹೋಗಿದ್ದ. ಅಂದಿನಿಂದ ಸೇತುವೆ ದಾಟುವಾಗಲೂ ನಟ್ಟನಡುವೆ ನಡೆಯುತ್ತಿದ್ದ. ಬುದ್ಧಿ ಬಂದ ಮೇಲೆ ಕುಡಿತ ಹಿಡಿದ. ಕುಡಿದಾಗಲೂ ಅಣ್ಣನ ಹೆಸರು ಹಿಡಿದೇ ಅಳುತ್ತಿದ್ದ.

ಅಂಥವನು ಒಂದು ದಿನ ತಾನೇ ಬಾಪ್ತಿಸ್ಮ ಬೇಕು ಎಂದ. ಮೊದಲ ಹೆಸರಿಗೆ ಮುಳುಗಿಸಿದಾಗ ಕೈಕಾಲು ಬಡಿದು ಬೋರಯ್ಯನವರ ಹೊಟ್ಟೆಗೇ ಒದ್ದ. ದಡದ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಎರಡನೆಯ ಹೆಸರಿಗೆ ಅವರ ಕುತ್ತಿಗೆಗೆ ಜೋತುಬಿದ್ದ, ಇಬ್ಬರೂ ಒಟ್ಟಿಗೆ ಮುಳುಗೆದ್ದರು. ಸಾಕು ಬಿಡ್ರಿ, ಮನುಷ್ಯ ಸತ್ತಾನು ಎಂದು ಈರಕ್ಕ ದಡದಿಂದ ಕೂಗಿದಳು. ಬೋರಯ್ಯನವರು ಮೂರನೆಯ ಹೆಸರು ಹೇಳಿ ಸುಮ್ಮನೆ ನಿಂತರು. ಓಬುಲೇಶ್ ತಾನೇ ಅವರ ಕೈ ಬಿಟ್ಟ. ಯಾರೂ ಅದುಮಲಿಲ್ಲ, ಯಾರೂ ಹಿಡಿಯಲಿಲ್ಲ. ತಾನಾಗಿಯೇ ಮುಳುಗಿದ. ಎದ್ದಾಗ ನಗುತ್ತಿದ್ದ. ಮದುವೆಯಾಗಿ ಅಷ್ಟು ವರ್ಷವಾದರೂ ಈರಕ್ಕ ಆ ನಗುವನ್ನು ಕಂಡಿರಲಿಲ್ಲ.

ಆಮೇಲೆ ಅವನು ಹೆಂಡದ ಹನಿ ಮುಟ್ಟಲಿಲ್ಲ ಎಂದರೆ ಸುಳ್ಳಾದೀತು. ಒಂದೆರಡು ಸಲ ಮುಟ್ಟಿದ, ಮರುದಿನ ತಾನೇ ಹೇಳಿಕೊಂಡು ನಾಚಿದ. ಆದರೆ ಅಣ್ಣನ ಹೆಸರು ಹಿಡಿದು ಅಳುವುದು ನಿಂತಿತು. ಹೋದ ವರ್ಷ ಹೃದಯ ನಿಂತು ಹೋಗುವಾಗಲೂ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಈಗ ಹೊಸ ಅಯ್ಯಗಾರು ಅದೆಲ್ಲ ಬರಿಯ ನೀರು ಎನ್ನುತ್ತಿದ್ದರು.

ಮರುದಿನ ಬತ್ತದ ನಾಟಿ ಮುಗಿಸಿ, ಕಾಲಿನ ಕೆಸರನ್ನೂ ತೊಳೆಯದೆ ಈರಕ್ಕ ಅಯ್ಯಗಾರ ಮನೆಗೆ ಹೋದಳು. ಅವರು ಕುರ್ಚಿ ತಂದಿಟ್ಟರು. ಅವಳು ಮೆಟ್ಟಿಲ ಮೇಲೆಯೇ ಕುಳಿತಳು.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಯೇಸಪ್ಪನೇ ದೇವ್ರು, ಯೇಸಪ್ಪನೇ ತಂದಿ ಅಂತೀರಿ. ಹಂಗಾದ್ರ ಶಿಲುಬಿ ಮ್ಯಾಲಿಂದ ಅಪ್ಪಾ ಅಂತ ಯಾರ್ನ ಕರ್ದ?"

ಚಿರಂಜೀವಿ ಅಯ್ಯಗಾರಿಗೆ ಈ ಪ್ರಶ್ನೆ ಹೊಸದಲ್ಲ. "ಆತನೊಳಗ ಮನುಷ್ಯನೂ ಇದ್ದ, ದೇವ್ರೂ ಇದ್ದ ಈರಕ್ಕ. ನೋವಾಗಿದ್ದು ಮನುಷ್ಯನಿಗೆ. ಆ ಮನುಷ್ಯ ಒಳಗಿನ ದೇವ್ರನ್ನ ಕರ್ದ," ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು.

"ನನಗ ತಿಳೀಲಿಲ್ರಿ."

ಅವರು ಇನ್ನೊಮ್ಮೆ ಹೇಳಿದರು. ಬೈಬಲಿನ ವಾಕ್ಯ ತೆಗೆದು ತೋರಿಸಿದರು. ಈರಕ್ಕನಿಗೆ ಸ್ವಲ್ಪ ತಿಳಿದಂತಾಯಿತು, ಸ್ವಲ್ಪ ತಿಳಿಯಲಿಲ್ಲ. ಅವರು ಹೇಳುವುದೇ ಸರಿ ಇದ್ದರೂ ಇರಬಹುದು ಎನ್ನಿಸಿತು. ಅವಳು ಕೇಳಲು ಬಂದದ್ದು ಅದಲ್ಲ.

"ಆತ್ರಿ, ನೀವು ಓದಿದೋರು. ನಮ್ಮನಿಯವ್ರು ಮೂರು ಹೆಸ್ರಾಗ ಮುಳುಗಿದೋರು, ಹಂಗ ತೀರಿಹೋದ್ರು. ಅವ್ರ ಗತಿ ಏನು?"

ಅಯ್ಯಗಾರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಅದು ನನಗ ಗೊತ್ತಿಲ್ಲಮ್ಮ. ಗೊತ್ತೈತಿ ಅಂತ ಸುಳ್ಳು ಹೇಳಂಗಿಲ್ಲ. ದೇವ್ರಿಗೆ ಬಿಟ್ಟಿದ್ದು."

"ಮೂರನೇ ಹೆಸ್ರಿಗೆ ಅವ್ರು ತಾವಾಗೇ ಮುಳುಗಿದ್ರು. ನೀವು ಅವತ್ತು ಇರ್ಲಿಲ್ಲ. ನಾನು ನೋಡೀನಿ."

"ನಿಮ್ಮದು ನೀವು ನೋಡ್ಕೊಳ್ರಿ ಅಮ್ಮ. ಸತ್ತೋರಿಗೆ ನಾವೇನೂ ಮಾಡಾಕ ಆಗಂಗಿಲ್ಲ."

"ನಾನು ಮತ್ತೊಮ್ಮೆ ಮುಳುಗಿದ್ರ ಅವ್ರದು ಸುಳ್ಳು ಅಂತ ಒಪ್ಪಿಕೊಂಡಂಗ ಆಗತೈತ್ರಿ. ನಾನು ಮುಳುಗಂಗಿಲ್ಲ."

"ಹಂಗಾದ್ರ ಕರ್ತನ ಭೋಜನದ ರೊಟ್ಟಿ ಕೊಡಾಕ ಬರಂಗಿಲ್ಲ," ಎಂದರು ಅಯ್ಯಗಾರು. ಹೇಳುವಾಗ ಅವರ ದನಿ ಸಣ್ಣಗಾಗಿತ್ತು. "ಕೂಟಕ್ಕ ಬರ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ಬಾಗಲ ಹತ್ರ, ಹಿಂದಕ ಕುಂದ್ರಬೇಕಾಗತೈತಿ."

"ರೊಟ್ಟಿ ಕೊಡಬ್ಯಾಡ್ರಿ. ಹಿಂದಕ ಮಾತ್ರ ಕುಂದ್ರಂಗಿಲ್ಲ," ಎಂದು ಈರಕ್ಕ ಎದ್ದಳು. ಮೆಟ್ಟಿಲ ಮೇಲೆ ಅವಳು ಕುಳಿತಲ್ಲಿ ಕೆಸರು ಮೆತ್ತಿತ್ತು. ಅಯ್ಯಗಾರು ಬೇಡ ಬೇಡವೆಂದರೂ ನೀರು ತರಿಸಿಕೊಂಡು ಅದನ್ನು ತೊಳೆದೇ ಹೋದಳು.

ವಾರವಿಡೀ ಮಗಳು ನಾಗಲಕ್ಷ್ಮಿ ಬೆನ್ನು ಬಿಡಲಿಲ್ಲ. ಅವಳನ್ನು ಅದೇ ಊರಿಗೆ ಕೊಟ್ಟಿತ್ತು, ಗಂಡನ ಮನೆಯವರೆಲ್ಲ ಮುಳುಗಲು ಒಪ್ಪಿದ್ದರು. "ಒಂದು ಸಲ ಮುಳುಗಿ ಎದ್ದು ಬಾ ಯವ್ವ. ನೀರೇನು ಕಚ್ಚತೈತಾ? ಮನಸಿನಾಗ ನಿಂಗ ಬೇಕಾದ್ದು ಅಂದ್ಕೋ, ಯಾರು ಕೇಳ್ತಾರ?"

"ಬಾಯಾಗೊಂದು ಮನಸಿನಾಗೊಂದು ಇಟ್ಕೊಂಡು ನಿಮ್ಮಪ್ಪನೂ ಮುಳುಗಲಿಲ್ಲ, ನಾನೂ ಮುಳುಗಂಗಿಲ್ಲ. ನೀನು ಮುಳುಗು. ನಾನು ಬ್ಯಾಡ ಅಂತೀನೇನು?"

ಆದಿತ್ಯವಾರ ಊರಿನ ವಿಶ್ವಾಸಿಗಳೆಲ್ಲ ಕಾಲುವೆಯಲ್ಲಿದ್ದರು. ಈರಕ್ಕ ದಡದಲ್ಲಿ ನಿಂತು ಹೆಂಗಸರ ಒಣ ಬಟ್ಟೆಗಳನ್ನು ತೋಳಿನ ಮೇಲೆ ಹೇರಿಕೊಂಡಿದ್ದಳು. ಒಂದೇ ಹೆಸರು, ಒಂದೇ ಮುಳುಗು. ಸಾಲು ಬೇಗ ಕರಗಿತು. ನಾಗಲಕ್ಷ್ಮಿ ನಡುಗುತ್ತ ಮೇಲೆ ಬಂದಾಗ ಈರಕ್ಕ ಟವೆಲಿನಿಂದ ಅವಳ ತಲೆಯನ್ನು ಗಸಗಸ ಒರೆಸಿದಳು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಅಯ್ಯಗಾರು ದಡದ ಕಡೆ ಕೈ ಚಾಚಿದರು.

"ನೀವೊಬ್ರ ಉಳಿದ್ರಿ, ಈರಕ್ಕ."

"ಉಳೀತೀನ್ರಿ," ಎಂದಳು ಈರಕ್ಕ.

ಅಲ್ಲಿಂದ ಎಲ್ಲರೂ ಮಂದಿರಕ್ಕೆ ಬಂದರು. ಈರಕ್ಕ ಬಾಗಿಲ ಬಳಿ ನಿಲ್ಲದೆ ಹೋಗಿ ಕಿಟಕಿಯ ಪಕ್ಕದಲ್ಲಿ ಕುಳಿತಳು. ಕೆಲವರು ಅಯ್ಯಗಾರ ಮುಖ ನೋಡಿದರು. ಅಯ್ಯಗಾರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ತಟ್ಟೆ ಕೈಯಿಂದ ಕೈಗೆ ಬಂದು ನಾಗಲಕ್ಷ್ಮಿಯ ಹತ್ತಿರ ನಿಂತಿತು. ಅವಳು ಅವ್ವನನ್ನು ದಾಟಿಸಿ ಕೊಡುವುದು ಹೇಗೆಂದು ತಿಳಿಯದೆ ಕಣ್ಣೀರು ತಂದುಕೊಂಡಳು. ಈರಕ್ಕ ತಾನೇ ಕೈ ಚಾಚಿ ತಟ್ಟೆ ತೆಗೆದುಕೊಂಡು, ಒಂದು ಚೂರೂ ಮುಟ್ಟದೆ ಆಚೆಯವಳಿಗೆ ಕೊಟ್ಟಳು.  

ಆಮೇಲೆ ಪ್ರಾರ್ಥನೆ ಶುರುವಾಯಿತು. ಅಯ್ಯಗಾರು ಕೈ ಎತ್ತಿ ಕಾಯಿಲೆಯವರಿಗಾಗಿ ಬೇಡಿಕೊಂಡು, ಯೇಸುವಿನ ಹೆಸರಿನಲ್ಲಿ ಎಂದು ಮುಗಿಸಿದರು. ಎಲ್ಲರೂ ಆಮೆನ್ ಎಂದರು. ಆ ಸದ್ದು ಅಡಗಿದ ಮೇಲೆ ಕಿಟಕಿಯ ಕಡೆಯಿಂದ ಒಂದೇ ಒಂದು ಆಮೆನ್ ಬಂತು. ಈರಕ್ಕ ತುಟಿಯಲ್ಲೇ ತಂದೆ, ಕುಮಾರ, ಪವಿತ್ರಾತ್ಮ ಎಂದು ಹೇಳಿ ಮುಗಿಸುವಷ್ಟರಲ್ಲಿ ತಡವಾಗಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ನಾಗಲಕ್ಷ್ಮಿ ಮೊಣಕೈಯಿಂದ ಮೆಲ್ಲಗೆ ತಿವಿದಳು.

ಮಳೆಗಾಗಿ ಪ್ರಾರ್ಥನೆಯಾಯಿತು. ಆಗಲೂ ಅಷ್ಟೇ. ಎಲ್ಲರದೂ ಮುಗಿದ ಮೇಲೆ ಅವಳ ಆಮೆನ್ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

ಕೊನೆಗೆ ಮನೆಮನೆಯ ಸಮಾಧಾನಕ್ಕಾಗಿ ಬೇಡಿಕೊಂಡು ಅಯ್ಯಗಾರು ಮುಗಿಸಿದರು. ಜನ ಆಮೆನ್ ಎಂದು ಏಳಲು ಸೆರಗು ಸರಿಮಾಡಿಕೊಂಡರು. ಅಯ್ಯಗಾರು ಎತ್ತಿದ ಕೈ ಇಳಿಸಲಿಲ್ಲ, ಕಣ್ಣೂ ತೆರೆಯಲಿಲ್ಲ. ಅವರ ಕೂದಲಿನಿಂದ ಕಾಲುವೆಯ ನೀರು ಇನ್ನೂ ಕತ್ತಿನ ಮೇಲೆ ಇಳಿಯುತ್ತಿತ್ತು. ಎದ್ದವರು ಮತ್ತೆ ಕುಳಿತರು. ಅಯ್ಯಗಾರು ಕಿಟಕಿಯ ಕಡೆಯ ಆಮೆನ್‌ಗಾಗಿ ಕಾಯುತ್ತಿದ್ದರು.

ಈರಕ್ಕ ಅವಸರ ಮಾಡಲಿಲ್ಲ.