ಹಲಗೆಯ ಮೇಲಿನ ಬಾವಿ

“ಮ್ಯಾಡಂ, ಈ ಕಪಾಟನೂ ರದ್ದಿಗೇ ಏನ್ರಿ?”

ಸ್ಟೂಲಿನ ಮೇಲೆ ನಿಂತಿದ್ದ ಧೂಳಪ್ಪ ಎರಡೂ ಕೈತುಂಬ ಪುಸ್ತಕ ಹಿಡಿದು ತಿರುಗಿದ. ಗ್ರಂಥಾಲಯದ ಸಿಪಾಯಿಯಾದ ಅವನ ಮಾತೆಲ್ಲ ಕನ್ನಡ, ಓದಲು ಬರುತ್ತಿದ್ದುದು ಮಾತ್ರ ಮರಾಠಿ. ಹೀಗಾಗಿ ಕನ್ನಡ ಕಪಾಟಿನ ಧೂಳು ಒರೆಸಿದಾಗಲೆಲ್ಲ ಅರ್ಧದಷ್ಟು ಪುಸ್ತಕಗಳನ್ನು ತಲೆಕೆಳಗಾಗಿ ಇಡುತ್ತಿದ್ದ. ಗ್ರಂಥಪಾಲಕಿ ಶೈಲಶ್ರೀ ಒಂದೊಂದನ್ನೇ ನೆಟ್ಟಗೆ ಮಾಡುತ್ತಿದ್ದಳು. ಎಷ್ಟೋ ವರ್ಷಗಳಿಂದ ಇದು ನಡೆದಿತ್ತು.

“ಅದೂ ರದ್ದಿಗೇ” ಎಂದಳು. ಹೇಳಿದ ಮೇಲೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಎದ್ದು ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು.

ಬೆಳಿಗ್ಗೆ ಪ್ರಾಚಾರ್ಯ ಯೋಗಿರಾಜ ಸರ್ ಕರೆಸಿದ್ದರು. ತಪಾಸಣೆಯ ಸಮಿತಿ ಬರುವ ಮೊದಲು ಕನ್ನಡ ಕಪಾಟಿನ ಆ ಮೂಲೆ ಖಾಲಿಯಾಗಬೇಕು, ಅಲ್ಲಿ ಕಂಪ್ಯೂಟರುಗಳು ಕೂರಲಿವೆ. ಐದು ವರ್ಷದಿಂದ ಯಾರೂ ಒಯ್ಯದ ಪುಸ್ತಕವನ್ನು ತೆಗೆದುಹಾಕಬಹುದೆಂದು ಕಾಲೇಜಿನ ನಿಯಮವೇ ಇತ್ತು. ಶನಿವಾರ ರದ್ದಿಯವನ ಟೆಂಪೊ ಬರುತ್ತದೆ.

“ಬಘಾ, ನೋಡ್ರಿ ಮ್ಯಾಡಂ, ನೀವೂ ಸಾಯನ್ಸದವರು” ಎಂದಿದ್ದರು ಸರ್. “ಭಾವನಾ ಬ್ಯಾಡ, ಡೇಟಾ ನೋಡ್ರಿ. ಶನಿವಾರದ ಒಳಗ ಯಾರರೆ ಒಯ್ದ್ರ ಆ ಪುಸ್ತಕ ಇರ್ಲಿ. ಒಯ್ಯಲಿಲ್ಲಂದ್ರ ಹೋಗ್ಲಿ.”

ಅವಳು ಒಪ್ಪಿ ಬಂದಿದ್ದಳು. ಗ್ರಂಥಾಲಯ ಶಾಸ್ತ್ರಕ್ಕೆ ಬರುವ ಮೊದಲು ಸೊಲ್ಲಾಪುರದಲ್ಲಿ ರಸಾಯನಶಾಸ್ತ್ರ ಓದಿದವಳು. ಬಂದ ಅಂಕಿ ಮನಸ್ಸಿಗೆ ಒಗ್ಗಲಿಲ್ಲವೆಂದು ಅದನ್ನು ಬದಲಿಸಬಾರದೆಂಬ ಪಾಠ ಅವಳ ಮೈಗೆ ಹತ್ತಿತ್ತು. ಕಂಪ್ಯೂಟರಿನಲ್ಲಿ ಆ ಕಪಾಟಿನ ಪುಸ್ತಕಗಳ ಎದುರು ಉದ್ದಕ್ಕೂ ಸೊನ್ನೆಗಳೇ ಇದ್ದವು. ತನ್ನೂರು ನಂದೇಶ್ವರದ ಮನೆಯಲ್ಲಿ ಅಪ್ಪ ಹಟಹಿಡಿದು ಕನ್ನಡ ಅಕ್ಷರ ತಿದ್ದಿಸಿದ್ದರಿಂದ ಅವಳಿಗೆ ಓದಲು ಬರುತ್ತಿತ್ತು. ಆದರೆ ಅಲ್ಲಿಂದ ಒಂದು ಪುಸ್ತಕವನ್ನು ಅವಳಾದರೂ ಮನೆಗೆ ಒಯ್ದು ಎಷ್ಟು ಕಾಲವಾಯಿತು?

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆಯ ಈ ಕಾಲೇಜಿನ ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ, ಜಗಳದಲ್ಲಿ ಕೇಳಿಸುವುದೆಲ್ಲ ಕನ್ನಡವೇ. ಮಕ್ಕಳು ಕಲಿತ ಸಾಲೆ ಮಾತ್ರ ಮರಾಠಿ. ಕನ್ನಡ ಸಾಲೆ ಕಲಿತವರು ಅವರ ಮನೆಯ ಹಿರಿಯರು, ಅವರು ಗ್ರಂಥಾಲಯಕ್ಕೆ ಬರುವವರಲ್ಲ. ಬಾಗಿಲ ಬಳಿಯ ಕರಿಹಲಗೆಯ ಮೇಲೆ ಪ್ರತಿ ಸೋಮವಾರ ಶೈಲಶ್ರೀ ‘ಈ ವಾರದ ಪುಸ್ತಕ’ ಎಂದು ಒಂದನ್ನು ಸೂಚಿಸಿ ಬರೆಯುತ್ತಿದ್ದಳು. ಬರೆದದ್ದೆಲ್ಲ ಸ್ಪರ್ಧಾಪರೀಕ್ಷೆಯ ಗೈಡುಗಳು, ಮರಾಠಿ ಚರಿತ್ರೆಗಳು.

ಇವತ್ತೂ ಸೋಮವಾರವೇ. ಧೂಳಪ್ಪ ಕೆಳಗಿಟ್ಟಿದ್ದ ರಾಶಿಯಿಂದ ತೆಳ್ಳನೆಯ ಒಂದು ಕಥಾಸಂಕಲನ ಎತ್ತಿಕೊಂಡು ನಿಂತಲ್ಲೇ ಮೊದಲ ಕಥೆ ಓದಿದಳು. ಬಾವಿ ತೋಡುವ ಅಮೋಗಸಿದ್ಧನೆಂಬವನ ಕಥೆ. ಓದಿ ಮುಗಿಸಿ ಹಲಗೆಯತ್ತ ಹೋದಳು. ಗೈಡಿನ ಹೆಸರು ಒರೆಸಿ ಕಥೆಯ ಮೊದಲ ಸಾಲುಗಳನ್ನು ಬರೆದಳು. ಮಾತು ಕನ್ನಡ, ಅಕ್ಷರ ಮಕ್ಕಳು ಬಲ್ಲ ಮರಾಠಿಯವು.

ಮಧ್ಯಾಹ್ನ ಬಂದ ಶೈಲೇಶ ಅದನ್ನು ಓದುತ್ತ ಮೊದಲು ಎಡವಿದ. ಹೊಲಮನೆ ಜೋರಾಗಿದ್ದ ಮನೆಯ ಹುಡುಗ, ಕೈಯಲ್ಲಿ ಸದಾ ಬೈಕಿನ ಕೀಲಿ.

“ಅಮೋಗಸಿದ್ಧ ಹಗ್ಗ ಹಿಡಿದು... ಬಾವಿಗೆ ಇಳಿದ. ಇದ್ಯಾತರ ಮರಾಠಿನಲೇ?” ಎಂದವನು ಮತ್ತೊಮ್ಮೆ ಗಟ್ಟಿಯಾಗಿ ಓದಿದ. ಬಾಯಿಂದ ಬಂದದ್ದು ಕಿವಿಗೆ ಬಿದ್ದಾಗ ನಗತೊಡಗಿದ. “ಏ, ಕನ್ನಡ ಐತಿಲೇ ಇದು. ಹಲಗಿ ಕನ್ನಡ ಮಾತಾಡಾಕತ್ತೈತಿ.”

“ಹಲಗಿ ಮಾತಾಡಿದ್ರ ತಿಳಿತೈತಿ ನೋಡು, ನೀ ಮಾತಾಡಿದ್ರ ತಿಳಿಯಂಗಿಲ್ಲ” ಎಂದಳು ಹಿಂದೆ ನಿಂತಿದ್ದ ಪಿಂಕಿ. ತಡವಳದಿಂದ ಬಸ್ಸಿನಲ್ಲಿ ಬರುವ ಹುಡುಗಿ.

ಮರುದಿನ ಶೈಲಶ್ರೀ ಮುಂದಿನ ಭಾಗ ಬರೆದಳು, ಅದರ ಮರುದಿನ ಇನ್ನಷ್ಟು. ಅಮೋಗಸಿದ್ಧ ತಳಕ್ಕಿಳಿದು ಬುಟ್ಟಿಗೆ ಕಲ್ಲು ತುಂಬುತ್ತಾನೆ. ಮೇಲೆ ಹೆಂಡತಿ ಗುರುಬಾಯಿ ಹಗ್ಗ ಹಿಡಿದು ನಿಂತಿದ್ದಾಳೆ. ಅವನು ಜಗ್ಗಿದರೆ ಅವಳು ಎಳೆಯಬೇಕು. ಗುರುವಾರದ ಹೊತ್ತಿಗೆ ಬಾಗಿಲಲ್ಲಿ ದಾರಿ ಸಿಗದಷ್ಟು ಮಂದಿ. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು.

ಅಂದು ಸಂಜೆ ಕಂಪ್ಯೂಟರ್ ನೋಡಿದಾಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಸೊನ್ನೆಗಳು ಇದ್ದಲ್ಲೇ ಇದ್ದವು. ಕಥೆಯನ್ನು ಹಲಗೆಯ ಮೇಲೆ ಉಣಬಡಿಸಿದ ಮೇಲೆ ಪುಸ್ತಕ ಯಾರು ಕೇಳಿಯಾರು? ಎಲ್ಲರೂ ಓದಿದ್ದರು, ಯಾರೂ ಒಯ್ದಿರಲಿಲ್ಲ. ಸರ್ ಎಣಿಸುವುದು ಒಯ್ದದ್ದನ್ನು ಮಾತ್ರ.

ಶುಕ್ರವಾರ ಅವಳು ಎರಡೇ ಸಾಲು ಬರೆದಳು. ‘ಗುರುಬಾಯಿಯ ಕೈಯಲ್ಲಿ ಹಗ್ಗ ಹಗುರಾಯಿತು. ಉಳಿದದ್ದು ಒಳಗೆ, ಪುಸ್ತಕದಲ್ಲಿದೆ.’

ಬಾಗಿಲಲ್ಲಿ ಗುಲ್ಲೆದ್ದಿತು. “ಇದು ಸೀರಿಯಲ್ ಮಾಡಿದಂಗಾತಲ್ರಿ ಮ್ಯಾಡಂ” ಎಂದ ಶೈಲೇಶ. “ಉಳದಾನೋ ಸತ್ತಾನೋ, ಅಷ್ಟರೆ ಹೇಳ್ರಿ.” ಅವಳು ಒಳಗೆ ಹೋಗಿ ತನ್ನ ಮೇಜಿಗೆ ಕುಳಿತಳು. ಅವನು ಗೊಣಗುತ್ತ ಹೋದ. ಪಿಂಕಿ ಮಾತ್ರ ಒಳಗೆ ಬಂದು ಮೇಜಿನ ಮುಂದೆ ನಿಂತಳು.

“ಆ ಪುಸ್ತಕ ಕೊಡ್ರಿ ನೋಡೂನು.”

ತೆರೆದಳು. ತಲೆಕೆಳಗಾಗಿ ತೆರೆದಿದ್ದಳು. ಶೈಲಶ್ರೀ ಮೆಲ್ಲಗೆ ತಿರುಗಿಸಿ ಕೊಟ್ಟಳು. ಪಿಂಕಿ ನಾಚಿ ನಕ್ಕಳು.

“ನನಗ ಈ ಅಕ್ಷರ ಬರಂಗಿಲ್ರಿ.”

“ಮನ್ಯಾಗ ಯಾರಿಗರೆ ಬರ್ತಾವೇನವಾ?”

“ನಮ್ಮ ಆಯಿಗಿ ಬರ್ತಾವ್ರಿ. ನಮ್ಮಪ್ಪನ ಅವ್ವ, ರಖಮಾಬಾಯಿ. ನಾಕನೇ ಇಯತ್ತೆ ತನಕ ಕನ್ನಡ ಸಾಲಿ ಕಲ್ತಾಳ. ಈಗ ಓದೂದು ಅಂದ್ರ ಬಿಸ್ಕೂಟಿನ ಪುಡಿಕಿ ಮ್ಯಾಲಿಂದು ಅಷ್ಟ. ಅದರಾಗೂ ಕನ್ನಡ ಇದ್ರ.”

“ಹಂಗಾದ್ರ ಆಯಿಗಿ ಒಯ್ಯಿ.”

ಸ್ಕ್ಯಾನರು ಕುಂಯ್ ಎಂದಿತು. ಒಂದು ಸೊನ್ನೆ ಅಳಿಯಿತು, ಒಂದೇ ಒಂದು.

ಸಂಜೆ ಎಲ್ಲರೂ ಹೋದ ಮೇಲೆ ಶೈಲಶ್ರೀ ರದ್ದಿಗೆ ಕಟ್ಟಿದ ಪುಸ್ತಕದ ಗಂಟುಗಳ ಮುಂದೆ ನಿಂತಳು. ಧೂಳಪ್ಪ ಸೆಣಬಿನ ಹಗ್ಗದಿಂದ ಬಿಗಿದು ಗೋಡೆಗೆ ಒರಗಿಸಿಟ್ಟಿದ್ದ. ಒಂದನ್ನು ಸಡಿಲಿಸಿ ಕೈಗೆ ಬಂದ ಪುಸ್ತಕ ತೆಗೆದು ಸ್ಕ್ಯಾನರು ಹಿಡಿದಳು. ಕೆಂಪು ಗೆರೆ ಪುಸ್ತಕದ ಬೆನ್ನ ಮೇಲೆ ಬಿತ್ತು. ಯಾರ ಹೆಸರಿಗೆ, ಎಂದು ಪರದೆ ಕೇಳಿತು. ಧೂಳಪ್ಪನ ಹೆಸರಿಗೆ ಹಾಕಬಹುದು, ರಜೆಯಲ್ಲಿರುವ ಮಾಸ್ತರರ ಹೆಸರಿಗೆ ಹಾಕಬಹುದು. ಕೇಳುವವರು ಯಾರು? ಬೆರಳು ಕೀಲಿಯ ಮೇಲೆ ನಿಂತೇ ಇತ್ತು. ಆಮೇಲೆ ರದ್ದು ಒತ್ತಿ, ಪುಸ್ತಕವನ್ನು ಗಂಟಿಗೆ ತುರುಕಿ, ಬೀಗ ಹಾಕಿಕೊಂಡು ಹೊರಬಿದ್ದಳು. ದಿನದ ಬಸ್ಸು ತಪ್ಪಿತ್ತು. ಮುಂದಿನದರಲ್ಲಿ ಕೂರಲು ಜಾಗ ಸಿಕ್ಕರೂ ತಾನಿದ್ದ ಸೊಲ್ಲಾಪುರದವರೆಗೆ ನಿಂತೇ ಹೋದಳು.

ಶನಿವಾರ ಗೇಟಿನ ಒಳಗೆ ಟೆಂಪೊ ಆಗಲೇ ನಿಂತಿತ್ತು. ಅದರ ಆಚೆ, ಗ್ರಂಥಾಲಯದ ಬಾಗಿಲಲ್ಲಿ ಎಂದಿಗಿಂತ ದೊಡ್ಡ ಗುಂಪು. ತಾನು ಇನ್ನೂ ಏನೂ ಬರೆದಿಲ್ಲವಲ್ಲ ಎಂದುಕೊಂಡು ಅವಳು ಮಕ್ಕಳನ್ನು ಸರಿಸಿ ಮುಂದೆ ಹೋದಳು.

ಹಲಗೆ ತುಂಬಿತ್ತು. ಬಲಕ್ಕೆ ವಾಲಿದ ಬೇರೆ ಕೈಬರಹ. ಅಕ್ಷರ ಮರಾಠಿಯದೇ, ಮಾತು ಪುಸ್ತಕದ್ದಲ್ಲ. ‘ಗುರುಬಾಯಿ ಬೊಗ್ಗಿ ನೋಡಿದಳು. ಏನೂ ಕಾಣಲಿಲ್ಲ. ಅಂಜಬ್ಯಾಡ ಜೀವಾ ಅಂತ ತನಗ ತಾನ ಅಂದಕೊಂಡಳು. ಹಗ್ಗ ಮತ್ತ ಇಳಿಬಿಟ್ಟಳು. ಬಾಳ ಹೊತ್ತು ನಿಂತಳು. ಆಮ್ಯಾಲ ಹಗ್ಗಕ್ಕ ಭಾರ ಹತ್ತಿತು. ಅವಾ ಮ್ಯಾಲ ಬಂದಾ.’

ಶೈಲಶ್ರೀಗೆ ಕಸಿವಿಸಿಯಾಯಿತು. ಪುಸ್ತಕದಲ್ಲಿ ಅಮೋಗಸಿದ್ಧ ಮೇಲೆ ಬರುವುದಿಲ್ಲ. ಕೈ ತಾನಾಗಿ ಡಸ್ಟರಿನತ್ತ ಹೋಯಿತು.

“ಪಿಂಕಿ, ಇದು ಆಯಿ ಓದಿದ್ದೇನವಾ?”

“ಓದಿದಳ್ರಿ. ಕೂಡಿಸಿ ಕೂಡಿಸಿ ಓದಿದಳು. ಅವಾ ಸಾಯೂದು ಬಂದ ಕೂಡ್ಲೆ ಪುಸ್ತಕ ಮುಚ್ಚಿದಳು.” ಪಿಂಕಿ ಕೈಗೆ ಹತ್ತಿದ್ದ, ಹಲಗೆಗೆ ಬರೆಯುವ ಖಡುವಿನ ಪುಡಿಯನ್ನು ಓಢಣಿಗೆ ಒರೆಸಿಕೊಂಡಳು. “ನಮ್ಮ ಮುತ್ಯಾ ಬಾವಿ ತೋಡಾಕ ಹೋಗ್ತಿದ್ದಾರಿ. ಆಯಿ ಅಂದಳು, ಬರದಾವಗೇನು ಗೊತ್ತು, ನಿಮ್ಮ ಮುತ್ಯಾ ದಿನಾ ಮ್ಯಾಲ ಬರ್ತಿದ್ದಾ. ಹಂಗ ಬರಿ ಅಂದಳು.”

“ಅಂದ್ರ ನೀ ಸುಳ್ಳ ಬರದಿ” ಎಂದ ಶೈಲೇಶ. “ಪುಸ್ತಕ ತಾ ಇಲ್ಲಿ. ನಮ್ಮ ಮುತ್ಯಾಗ ಕನ್ನಡ ಬರ್ತೈತಿ, ಓದಸ್ತೀನಿ.”

“ಪುಸ್ತಕ ಮನ್ಯಾಗೈತಿ. ಆಯಿ ಉಳದ ಕತಿ ಓದಾಕತ್ತಾಳ. ಕೈಗೆ ಕೊಡಂಗಿಲ್ಲ ಆಕಿ, ನೀ ಬೈಕ್ ತಗೊಂಡ ಬಂದ್ರೂ ಅಷ್ಟ.”

ಮಂದಿ ನಕ್ಕರು. ಡಸ್ಟರು ಹಿಡಿದಿದ್ದ ಶೈಲಶ್ರೀ ಅದನ್ನು ಅಲ್ಲೇ ಇಟ್ಟಳು.

“ಶೈಲೇಶ, ನಿಮ್ಮ ಮುತ್ಯಾ ಕುಂತಲ್ಲಿ ಏನ ಮಾತಾಡ್ತಾರಪಾ?”

“ಎತ್ತಿಂದ್ರಿ. ಟ್ರ್ಯಾಕ್ಟರ್ ಬಂದು ಎಷ್ಟ ವರ್ಷಾತು, ಊಟಕ್ಕ ಕುಂತ್ರೂ ಎತ್ತಿಂದ.”

“ಒಳಗ ಬಾ.”

ಧೂಳಪ್ಪ ಬಿಗಿದ ಗಂಟು ಬಿಚ್ಚಲು ಬಾರದು. ಅವಳು ಕತ್ತರಿ ತಂದು ಹಗ್ಗ ಕತ್ತರಿಸಿದಳು. ಎತ್ತು ಕಳೆದುಕೊಂಡು ಊರೂರು ಅಲೆಯುವವನ ಕಾದಂಬರಿಯೊಂದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಶೈಲೇಶನ ಹಿಂದೆಯೇ ಪೂನಮ ಎಂಬ ಹುಡುಗಿ ಬಂದಳು. ಅವರಪ್ಪ ಮಿಲ್ಲಿನಲ್ಲಿದ್ದವರು, ಈಗ ಮನೆಯಲ್ಲೇ ಸುಮ್ಮನೆ ಕೂತಿರುತ್ತಾರೆ. ಅವರಿಗೊಂದು. “ನಮ್ಮವ್ವಗ ಅತ್ತಿ-ಸೊಸಿ ಜಗಳ ಇರೂದು ಕೊಡ್ರಿ. ಜಗಳ ಜೋರ ಇರ್ಲಿ” ಎಂದಳು ಇನ್ನೊಬ್ಬಳು. ಶೈಲಶ್ರೀ ನೆಲದ ಮೇಲೇ ಕುಳಿತು ಗಂಟಿನಿಂದ ಗಂಟಿಗೆ ಸರಿಯುತ್ತ ಹುಡುಕತೊಡಗಿದಳು. ಹೊರಗೆ ಟೆಂಪೊದವನು ಹಾರ್ನ್ ಬಾರಿಸಿದ. ಧೂಳಪ್ಪ ಹೋಗಿ ಚಹಾದ ಆಸೆ ತೋರಿಸಿ ಬಂದ. ಅವನು ಮತ್ತೆ ಬಾರಿಸಿದ.

ಯೋಗಿರಾಜ ಸರ್ ಬಂದರು. ಹಲಗೆಯ ಮುಂದೆ ನಿಂತು ತುಟಿಯಲ್ಲೇ ಓದಿಕೊಂಡರು. ಒಳಗಿನ ಗದ್ದಲ, ನೆಲದ ಮೇಲೆ ಕೂತ ಶೈಲಶ್ರೀ, ಕತ್ತರಿಸಿದ ಹಗ್ಗ, ಎಲ್ಲ ನೋಡಿದರು.

“ಸರ್, ಸೋಮವಾರದವರೆಗೂ ಬಿಟ್ರ...” ಎಂದು ಅವಳು ಎದ್ದಳು.

“ಮಾತು ಅಂದ್ರ ಮಾತು ಮ್ಯಾಡಂ. ಒಯ್ದಿದ್ದು ಇರ್ಲಿ, ಉಳದಿದ್ದು ಹೋಗ್ಲಿ” ಎಂದರು ಸರ್. ಬಾಗಿಲವರೆಗೆ ಹೋದವರು ನಿಂತು, “ಕಪಾಟದಾಗ ಕೆಳಗಿನ ಒಂದು ಖಣ ಇಟ್ಕೊರಿ, ಒಯ್ದಿದ್ದು ವಾಪಸ್ ಬಂದ್ರ ಜಾಗಾ ಬೇಕಲ್ಲ” ಎಂದರು.

ಅವಳ ಕೈಗೆ ಬರದ ಗಂಟುಗಳು ಟೆಂಪೊ ಹತ್ತಿದವು. ತಾನು ಓದಿದ್ದವು, ಓದಬೇಕೆಂದುಕೊಂಡಿದ್ದವು, ಹೆಸರೂ ತಿಳಿಯದವು. ಟೆಂಪೊ ಗೇಟು ದಾಟುವವರೆಗೆ ನೋಡುತ್ತ ನಿಂತಳು.

ಮಧ್ಯಾಹ್ನ ಗ್ರಂಥಾಲಯದಲ್ಲಿ ಸದ್ದಿರಲಿಲ್ಲ. ಕಪಾಟಿನ ಕೆಳಗಿನ ಖಣ ಖಾಲಿಯಿತ್ತು. ಟೆಂಪೊ ಹತ್ತದೆ ಉಳಿದ ಪುಸ್ತಕಗಳಲ್ಲಿ ಒಂದೂ ಅಲ್ಲಿರಲಿಲ್ಲ. ಎಲ್ಲ ಚೀಲಗಳೊಳಗೆ ಸೇರಿ, ಬೈಕು ಬಸ್ಸು ಹತ್ತಿ ಊರುಗಳಿಗೆ ಹೋಗಿದ್ದವು.

“ಪುಸ್ತಕಿಲ್ಲದ ಖಣ ಏನಂತ ಒರಸೂದ್ರಿ?” ಎಂದ ಧೂಳಪ್ಪ, ಕೈಯಲ್ಲಿ ಅರಿವೆ ಹಿಡಿದು.

“ಒರಸಿಡು” ಎಂದಳು.

ಬೀಗದ ಕೈ ತೆಗೆದುಕೊಂಡು ಹೊರಗೆ ಬಂದಾಗ ಕರಿಹಲಗೆಯ ಮುಂದೆ ನಿಂತಳು. ಮಂದಿಯ ನೂಕಾಟದಲ್ಲಿ ಯಾರದೋ ಭುಜ ತಗುಲಿ ಕೊನೆಯ ಸಾಲಿನ ಒಂದೆರಡು ಅಕ್ಷರ ಮಾಸಿದ್ದವು. ಖಡುವಿನ ಚೂರೊಂದು ನೆಲದ ಮೇಲೆ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಂಡು, ಪಿಂಕಿಯ ಅಕ್ಷರದಂತೆಯೇ ಬಲಕ್ಕೆ ವಾಲಿಸಿ, ಮಾಸಿದ್ದನ್ನು ಮತ್ತೆ ಬರೆದಳು.