ಬಲಗಣ್ಣಿನ ಕೆಳಗೆ ಹೊಳಪು

ಹೆಬ್ಬೆರಳಿನ ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಲೇ ಇಲ್ಲ. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಮಂಚದ ಪಕ್ಕ ನೆಲದ ಮೇಲೆ ಕೂತು ಅವಳು ಗಂಡನ ಬೆರಳನ್ನು ಉಜ್ಜುತ್ತಲೇ ಇದ್ದಳು. ಒಂಬತ್ತು ಬೆರಳು ಮುಗಿದಿದ್ದವು. ಹತ್ತನೆಯದು ಹಟ ಹಿಡಿದಿತ್ತು.

"ಬಿಡಿ ಅತ್ತಿಗೆ," ಎಂದಳು ನಾದಿನಿ, ಬಾಗಿಲಿಗೆ ಒರಗಿಕೊಂಡು. "ಇನ್ನು ಆ ಕೈನ ಯಾರು ನೋಡ್ತಾರೆ? ನಿಮಗೆ ಕೊಡೋ ಕೈ ಕೊಟ್ಟಾಯ್ತಲ್ಲ ಅಣ್ಣ."

"ಈಗ ಬರೋರೆಲ್ಲ ಅವರ ಕೈಯನ್ನೇ ನೋಡೋರು," ಎಂದಳು ಅವಳು, ತಲೆ ಎತ್ತದೆ.

ಅದೇನೋ ನಿಜ. ಹಳೆಯ ಕ್ಯಾಮೆರಾ ಲೆನ್ಸು ಬಿಚ್ಚಿ ಜೋಡಿಸುವುದರಲ್ಲಿ ಆ ಕೈಗೆ ಸಾಟಿ ಇರಲಿಲ್ಲ. ತಾನೇ ತಾನಾಗಿ ಫೋಕಸ್ ಆಗುವ ಈಗಿನವಲ್ಲ. ಬೆರಳಿನಿಂದ ಉಂಗುರ ತಿರುಗಿಸಿ, ಕಣ್ಣಿಟ್ಟು, ಸರಿಯಾದ ಜಾಗದಲ್ಲಿ ನಿಲ್ಲಿಸಬೇಕಾದ ಹಳೆಯ ಕಾಲದವು. ಬೂಷ್ಟು ಹಿಡಿದದ್ದು, ಎಣ್ಣೆ ಒಣಗಿ ಉಂಗುರ ಬಿಗಿದದ್ದು, ಕೆಳಗೆ ಬಿದ್ದು ಅಂಚು ನೆಗ್ಗಿದ್ದು, ಎಲ್ಲಾ ಈ ನಡುಮನೆಯ ಮೇಜಿಗೇ ಬರುತ್ತಿದ್ದವು. ಮನುಷ್ಯರ ಜೊತೆ ಅವನು ದಿನಕ್ಕೆ ಎಂಟು ಮಾತು ಆಡಿದರೆ ಹೆಚ್ಚು. ಲೆನ್ಸುಗಳ ಜೊತೆ ಮಾತ್ರ ಬೆಳಗಿನಿಂದ ಸಂಜೆಯವರೆಗೂ ಲಲ್ಲೆ: "ಬಾ ಮರಿ, ಬಿಡು ಮರಿ, ಹಟ ಮಾಡ್ಬೇಡ ನನ್ನ ರಾಜ."

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಹಾಗಾದರೆ ಸಾವಿನ ಮನೆಯಲ್ಲಿ ಹೊತ್ತು ಹೋಗುವುದಾದರೂ ಹೇಗೆ? ನಾದಿನಿ ಒಳಗೂ ಹೊರಗೂ ಓಡಾಡುತ್ತ ಪಕ್ಕದ ಮನೆಯವರಿಗೆ ಅದೇ ಹಳೆಯ ಕತೆ ಹೇಳುತ್ತಿದ್ದಳು. "ನಮ್ಮಣ್ಣ ಇವರ ಮುಖ ನೆಟ್ಟಗೆ ನೋಡಿದೋನೇ ಅಲ್ಲ ಕಣ್ರೀ. ಅಮ್ಮ ಕಟ್ಟಿದ್ಲು, ಇವನು ಕಟ್ಟಿಕೊಂಡ. ಎತ್ತಿಗೆ ಹಗ್ಗ ಕಟ್ಟಿದ ಹಾಗೆ."

ನಲವತ್ತೊಂದು ವರ್ಷದಿಂದ ಕೇಳುತ್ತ ಬಂದ ಮಾತು ಅದು. ಅವಳ ಬಳಿ ಅದಕ್ಕೆ ಉತ್ತರವಿತ್ತು, ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ನೋಡಿದ್ದಾನೆ. ನೀನೇನು ಬಲ್ಲೆ, ನಿನ್ನ ಗಂಡ ನಿನ್ನನ್ನು ನೋಡದಷ್ಟು ನೋಡಿದ್ದಾನೆ.

* * *

ಮದುವೆಯಾದ ಹದಿನೈದನೆಯ ದಿನ ಅವನು ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, "ಅಲ್ಲಿ ಕೂತ್ಕೋ," ಎಂದಿದ್ದ.

ಅವಳು ಒಳಗೆ ಓಡಿಹೋಗಿ ತಲೆ ಬಾಚಿಕೊಂಡು, ಮುಖ ತೊಳೆದು ಬಂದು ಕೂತಳು. ಅವನು ಎಂಟಡಿ ದೂರದಲ್ಲಿ ಕ್ಯಾಮೆರಾ ಹಿಡಿದು ಮಂಡಿಯೂರಿದ.

"ಅಲ್ಲಾಡ್ಬೇಡ. ಉಸಿರು ಬಿಡಬೇಡ."

ಅವನ ಬೆರಳುಗಳು ಉಂಗುರವನ್ನು ಒಂದು ಕೂದಲೆಳೆ ಅತ್ತ, ಒಂದು ಕೂದಲೆಳೆ ಇತ್ತ ತಿರುಗಿಸಿದವು. ಅವಳನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಹೆತ್ತವಳೂ ನೋಡಿರಲಿಲ್ಲ. ಕಿವಿಯವರೆಗೂ ಬಿಸಿಯಾಯಿತು.

ಆಮೇಲೆ ಅದು ವಾರಕ್ಕೆ ಮೂರು, ನಾಲ್ಕು ಸಲ. ಜಗಳವಾಡಿ ತಿಂಗಳುಗಟ್ಟಲೆ ಮಾತು ಬಿಟ್ಟಾಗಲೂ ಕುರ್ಚಿಗೆ ಕರೆಯುವುದನ್ನು ಮಾತ್ರ ಅವನು ಬಿಡಲಿಲ್ಲ. ಒಮ್ಮೊಮ್ಮೆ ಅವಳು ಧೈರ್ಯ ಮಾಡಿ, "ಹೇಗೆ ಬಂತು ರೀ?" ಎಂದು ಕೇಳುವುದಿತ್ತು.

"ಚೆನ್ನಾಗಿದೆ," ಎನ್ನುತ್ತಿದ್ದ. "ಮೂಲೆ ಮೂಲೆವರೆಗೂ ಚೆನ್ನಾಗಿದೆ."

ಆ ಮಾತಿನಲ್ಲಿ ಅವಳು ಎರಡು ದಿನ ತೇಲುತ್ತಿದ್ದಳು.

* * *

ಹತ್ತು ಗಂಟೆಯ ಹೊತ್ತಿಗೆ ಇಬ್ಬರು ಬಂದರು. ಒಬ್ಬ ಮದುವೆ ಫೋಟೋಗ್ರಾಫರು. ದಪ್ಪಗೆ, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಈ ಮನೆಗೆ ಮೂವತ್ತು ವರ್ಷದ ಪರಿಚಯ. ಇನ್ನೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವ ಲೆಕ್ಚರರು. ಹಳೆಯ ಲೆನ್ಸು ಕೂಡಿಡುವ ಹುಚ್ಚು. ಇಲ್ಲಿಯವರೆಗೆ ರಿಪೇರಿಗೆ ಪಾರ್ಸಲ್ ಕಳಿಸುತ್ತಿದ್ದವರು, ಮನೆಗೆ ಬಂದದ್ದು ಇವತ್ತೇ ಮೊದಲು. ಮಂಚದ ಮುಂದೆ ಒಂದು ಗಳಿಗೆ ತಲೆ ಬಗ್ಗಿಸಿ ನಿಂತು, ಲೆಕ್ಚರರು ಅವಳ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಧೈರ್ಯ ತಂದ್ಕೊಳ್ಳಿ ಚಾರ್ಟಮ್ಮನವರೇ. ಹದಿನೆಂಟು ವರ್ಷದಿಂದ ನಿಮ್ಮನ್ನ ನೋಡ್ತಾನೇ ಇದೀನಿ. ಎದುರಿಗೆ ನೋಡಿದ್ದು ಇವತ್ತು."

ಫೋಟೋಗ್ರಾಫರು ಕೆಮ್ಮಿದರು. ಲೆಕ್ಚರರ ಅಂಗಿಯ ತೋಳು ಜಗ್ಗಿದರು. ಪಾಠ ಹೇಳುವವರಿಗೆ ಸೂಚನೆ ಬೇಗ ತಲುಪುವುದಿಲ್ಲ.

"ಯಾರು ಚಾರ್ಟಮ್ಮ?" ಎಂದಳು ಅವಳು.

"ನೀವೇ ಅಲ್ವಾ? ಅಲ್ಲ, ನಮ್ಮೋರೆಲ್ಲ ಹಾಗೇ ಅಂತಾರೆ... ನಾನು ನಿಮ್ಮ ಹೆಸರೇ ಅದು ಅಂದ್ಕೊಂಡಿದ್ದೆ."

"ನನ್ನ ಹೆಸರಲ್ಲ ಅದು."

ನಾದಿನಿಯ ಮೂಗಿಗೆ ವಾಸನೆ ಬಡಿದಿತ್ತು. "ಏನದು ಚಾರ್ಟು, ಹೇಳ್ರೀ," ಎಂದು ಫೋಟೋಗ್ರಾಫರ ಮುಂದೆ ಬಂದು ನಿಂತಳು.

"ಏನಿಲ್ಲಮ್ಮ, ಪ್ರೀತಿಯಿಂದ ಕರೆಯೋದು," ಎಂದರು ಫೋಟೋಗ್ರಾಫರು, ಬೆವರೊರೆಸಿಕೊಂಡು. "ಲೆನ್ಸು ರಿಪೇರಿ ಆದ್ಮೇಲೆ ಸರಿಯಾಯ್ತಾ ಇಲ್ವಾ ನೋಡ್ಬೇಕಲ್ಲ. ಬೇರೆಯೋರು ಗೋಡೆಗೆ ಒಂದು ಚಾರ್ಟು ಅಂಟಿಸಿ ಅದರ ಫೋಟೋ ತೆಗೀತಾರೆ, ಕಣ್ಣಿನ ಡಾಕ್ಟರ ಹತ್ರ ಇರುತ್ತಲ್ಲ, ಗೆರೆ, ಅಕ್ಷರ, ಹಾಗೆ. ಯಜಮಾನ್ರು ಚಾರ್ಟಿನ ಬದಲು ಇವರನ್ನ ಕೂರಿಸ್ತಿದ್ರು. ಆ ಫೋಟೋನ ಲೆನ್ಸಿನ ಡಬ್ಬೀಲೇ ಹಾಕಿ ಕೊಡೋರು. ನೋಡ್ಕೊಳ್ಳಿ, ರೆಪ್ಪೆ ಕೂದಲು ಎಣಿಸ್ಕೊಳ್ಳಿ ಅಂತ."

"ಅಂದ್ರೆ ಅತ್ತಿಗೆ ಫೋಟೋ ಊರೋರ ಡಬ್ಬೀಲೆಲ್ಲ ಇದೆ ಅನ್ನಿ," ಎಂದಳು ನಾದಿನಿ. ಸೆರಗು ಬಾಯಿಗೆ ಹೋಯಿತು. ಅಳುವವರೂ ಅಲ್ಲಿಗೇ ಒಯ್ಯುತ್ತಾರೆ, ನಗುವವರೂ ಅಲ್ಲಿಗೇ ಒಯ್ಯುತ್ತಾರೆ.

ಅವಳು ಹತ್ತಿಯ ಕಡ್ಡಿಯನ್ನು ನೆಲದ ಮೇಲಿಟ್ಟಳು. ಎದ್ದು ನಿಂತಳು. ಕೇಳಬಾರದಿತ್ತು, ಕೇಳಿದಳು.

"ಚಾರ್ಟು ಅಂಟಿಸಬಹುದಿತ್ತಲ್ಲ. ನನ್ನನ್ನೇ ಯಾಕೆ ಕೂರಿಸ್ತಿದ್ರು?"

ಉತ್ತರ ಗೊತ್ತಿದ್ದ ಸಂತೋಷಕ್ಕೆ ಲೆಕ್ಚರರ ಮುಖ ಅರಳಿತು. "ಫೋನಲ್ಲಿ ನಾನೂ ಇದನ್ನೇ ಕೇಳಿದ್ದೆ! ಕಾಗದದ ಚಾರ್ಟಲ್ಲಿ ಆಳ ಗೊತ್ತಾಗಲ್ಲ, ಮೂಗು, ಕಿವಿ, ರೆಪ್ಪೆ ಇದ್ರೆ ಸರಿಯಾಗಿ ಸಿಗುತ್ತೆ ಅಂದ್ರು. ಮೊದಲು ಹೂವಿನ ಕುಂಡ ಇಟ್ಟು ನೋಡಿದ್ರಂತೆ. ಗಾಳಿಗೆ ಎಲೆ ಅಲ್ಲಾಡ್ತಂತೆ. 'ಇವಳಷ್ಟು ಅಲ್ಲಾಡದೆ ಕೂರೋದು ಇನ್ಯಾವುದೂ ಸಿಗಲಿಲ್ಲ ಕಣ್ರೀ' ಅಂತ ಹೊಗಳಿದ್ರು."

"ಹೊಗಳಿದ್ರು," ಎಂದಳು ಅವಳು.

ಫೋಟೋಗ್ರಾಫರು ಮಾತು ತಿರುಗಿಸಲು ನೋಡಿದರು. ಲೆನ್ಸು ಹುಚ್ಚಿನವರ ಮಾತು ಎಲ್ಲಿಗೆ ತಿರುಗಿಸಿದರೂ ಲೆನ್ಸಿಗೇ ಬರುತ್ತದೆ. ಲೆಕ್ಚರರು ಆಗಲೇ ಹೆಗಲಿನ ಚೀಲದಿಂದ ಚರ್ಮದ ಡಬ್ಬಿಯೊಂದನ್ನು ತೆಗೆದಿದ್ದರು. "ಯಜಮಾನ್ರಿಗೆ ಕೊನೇ ಸಲ ತೋರಿಸೋಣ ಅಂತ ತಂದೆ. ನನ್ನ ಹತ್ರ ಇರೋ ಇಪ್ಪತ್ತಮೂರರಲ್ಲಿ ಇದು ನನ್ನ ಪ್ರಾಣ."

ಕಪ್ಪು ಬಳಿದ ಗಟ್ಟಿ ಲೋಹ, ಅಲ್ಲಲ್ಲಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಅವರು ಉಂಗುರ ತಿರುಗಿಸಿದರು. ಸದ್ದೇ ಇಲ್ಲ.

"ನೋಡಿ, ಬೆಣ್ಣೆ. ಹೊಸ ಲೆನ್ಸಲ್ಲಿ ಈ ಸುಖ ಎಲ್ಲಿದೆ? ಗುಂಡಿ ಒತ್ತಿದ್ರೆ ಅದೇ ನೋಡುತ್ತೆ, ಅದೇ ತೆಗೆಯುತ್ತೆ, ನಾವು ಕೂಲಿಯೋರ ಥರ ಹಿಡ್ಕೊಂಡು ನಿಲ್ಲೋದು. ಮುಖದ ಗುಳಿಯೆಲ್ಲ ಎಣಿಸಿ ಕೊಡುತ್ತೆ, ಜೀವ ಇರಲ್ಲ. ಇದರಲ್ಲಿ ಹಿಂದಿನ ದೀಪಗಳೆಲ್ಲ ಸೋಪಿನ ಗುಳ್ಳೆ ಆಗ್ತವೆ. ಮುಖ ಮಂಜಿನೊಳಗಿಂದ ಮೆಲ್ಲಗೆ ಎದ್ದು ಬರುತ್ತೆ. ಹಳೇ ಲೆನ್ಸು ಎದುರಿಗಿರೋ ಮನುಷ್ಯನನ್ನ ನಿಂತು ನೋಡೋದನ್ನ ಕಲಿಸುತ್ತೆ. ಅದನ್ನ ಯಜಮಾನ್ರ ಹತ್ರ ಕಲೀಬೇಕು."

"ನೂರಕ್ಕೆ ನೂರು," ಎಂದರು ಫೋಟೋಗ್ರಾಫರು.

"ಆದ್ರೆ ಇದರ ಜಾತಕದಲ್ಲಿ ಒಂದು ದೋಷ ಇದೆ. ಅದೇ ಇದರ ಮಜಾ." ಲೆಕ್ಚರರು ಡಬ್ಬಿಯ ತಳದಿಂದ ಹಳದಿಯಾದ ಒಂದು ಕಪ್ಪುಬಿಳುಪು ಫೋಟೋ ಎತ್ತಿದರು. "ಇದು ನನಗೆ ಮೂರನೇ ಕೈಯಿಂದ ಬಂದದ್ದು. ಇದರ ಜೊತೆ ಬಂದ ನಿಮ್ಮ ಫೋಟೋ ನೋಡಿ, ಬಲಗಣ್ಣಿನ ಕೆಳಗೆ. ನಾವೆಲ್ಲ ಇದರ ಮೇಲೆ ಎಷ್ಟು ಚರ್ಚೆ ಮಾಡಿದೀವಿ ಗೊತ್ತಾ?"

ಅವಳು ನೋಡಿದಳು. ಕುರ್ಚಿ, ಕಿಟಕಿ, ಇಪ್ಪತ್ತಮೂರು ವರ್ಷದ ತಾನು. ರವಿಕೆಯ ಎದೆಯ ಮೇಲೆ ಎರಡು ಒದ್ದೆ ಕಲೆ.

* * *

ಒಂಬತ್ತು ದಿನದ ಮಗುವನ್ನು ಮಣ್ಣಿಗಿಟ್ಟು ಬಂದ ಮರುದಿನ. ಮಗು ಹೋಗಿದ್ದು ಎದೆಯ ಹಾಲಿಗೆ ಇನ್ನೂ ತಿಳಿದಿರಲಿಲ್ಲ. ಅವನು ಬೆಳಗಿನಿಂದ ಮೇಜಿನ ಮುಂದೆ ಕೂತಿದ್ದ. ಮಧ್ಯಾಹ್ನ ತಿರುಗಿ ನೋಡಿ, "ಬಾ, ಕೂತ್ಕೋ," ಎಂದ.

ಅವಳು ಹೋಗಿ ಕೂತಳು. ಅಲ್ಲಾಡಲಿಲ್ಲ. ಕಣ್ಣೀರು ಅದರ ಪಾಡಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಅಲ್ಲಾಡಿದ ಹಾಗಾಗುತ್ತದೆಂದು ಬಿಟ್ಟಳು. ಅವನು ನೋಡಿದ. ಯಾವತ್ತೂ ನೋಡದಷ್ಟು ಹೊತ್ತು ನೋಡಿದ. ಉಂಗುರ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಒಂದಲ್ಲ, ನಾಲ್ಕು ಸಲ ಕ್ಲಿಕ್ಕಿಸಿದ. ಹತ್ತಿರ ಬಂದು ಅವಳ ಬಲಗಣ್ಣಿನ ಕೆಳಗೇ ದಿಟ್ಟಿಸಿ, ಹುಬ್ಬು ಗಂಟಿಕ್ಕಿ, ಮೇಜಿಗೆ ಹಿಂತಿರುಗಿದ.

ಅವತ್ತು ಊಟ ಬಿಟ್ಟ. ಮರುದಿನವೂ ಸರಿಯಾಗಿ ಉಣ್ಣಲಿಲ್ಲ. ಮೇಜಿನ ಮುಂದೆ ಅದೇ ಲೆನ್ಸು ಬಿಚ್ಚುವುದು, ಜೋಡಿಸುವುದು. ಪಾಪ, ಗಂಡಸು, ಅಳೋಕೆ ಬರಲ್ಲ ಅಂದುಕೊಂಡು ಅವಳು ತಟ್ಟೆ ಮುಚ್ಚಿಟ್ಟಳು. ನನ್ನ ಅಳುವನ್ನು ನೋಡಿದನಲ್ಲ, ಅಷ್ಟು ಹೊತ್ತು ನೋಡಿದನಲ್ಲ, ಅದೇ ಸಾಕು ಅಂದುಕೊಂಡಳು. ಆಮೇಲಿನ ಮೂವತ್ತೆಂಟು ವರ್ಷ ಅವನು ಮಾಡಿದ್ದು, ಮಾಡದಿದ್ದದ್ದು ಎಲ್ಲವನ್ನೂ ಆ ಒಂದು ದಿನದ ಮುಖ ನೋಡಿ ಹೊಟ್ಟೆಗೆ ಹಾಕಿಕೊಂಡಿದ್ದಳು.

* * *

"ಹಿಂದೆ ತಿರುಗಿಸಿ," ಎಂದರು ಲೆಕ್ಚರರು. "ಅವರ ಕೈಬರಹ."

ಪೆನ್ಸಿಲಿನ ಸಣ್ಣ ಅಕ್ಷರ. ತಾರೀಖು ಅದೇ. ಅವಳು ತುಟಿ ಅಲ್ಲಾಡಿಸುತ್ತ ಓದಿದಳು. ಬಲಗಣ್ಣಿನ ಕೆಳಗೆ ಹೊಳಪು ಹರಡುತ್ತಿದೆ. ಒಳಗಾಜಿನ ದೋಷ? ಅದರ ಕೆಳಗೆ: ಬಿಚ್ಚಿ ತೊಳೆದೆ. ಅದರ ಕೆಳಗೆ: ಮತ್ತೆ ಬಿಚ್ಚಿದೆ. ಕೊನೆಯ ಸಾಲು ನಾಲ್ಕು ದಿನ ಬಿಟ್ಟು ಬರೆದದ್ದು. ಈಗ ಸರಿಯಿದೆ. ಕಾರಣ ತಿಳಿಯಲಿಲ್ಲ.

"ಎರಡೆರಡು ಸಲ ಬಿಚ್ಚಿದಾರೆ ನೋಡಿ!" ಎಂದರು ಫೋಟೋಗ್ರಾಫರು. "ಏನು ಶ್ರದ್ಧೆ ಮಾರಾಯ್ರೇ. ನನಗನ್ಸುತ್ತೆ ಅದು ಗಾಜಿನ ಲೇಪದ್ದೇ."

"ಲೇಪ ಅಲ್ಲ ರೀ, ಲೇಪ ಆದ್ರೆ ಎರಡೂ ಕಣ್ಣಿಗೆ ಬರ್ಬೇಕು."

"ನೀರು ಅದು," ಎಂದಳು ಅವಳು.

ಇಬ್ಬರೂ ತಿರುಗಿದರು. ಲೆಕ್ಚರರ ಕಣ್ಣು ಅಗಲವಾಯಿತು. "ಲೆನ್ಸೊಳಗೆ ನೀರು ಹೋಗಿತ್ತಾ?"

"ಲೆನ್ಸೊಳಗಲ್ಲ."

ಯಾರಿಗೂ ತಿಳಿಯಲಿಲ್ಲ. ನಾದಿನಿಗೆ ತಿಳಿಯಿತು. ಅವಳು ಫೋಟೋ ಇಸಿದುಕೊಂಡು, ರವಿಕೆಯ ಕಲೆ ನೋಡಿ, ಹಿಂದಿನ ತಾರೀಖು ನೋಡಿ, ಒಂದು ಗಳಿಗೆ ಅತ್ತಿಗೆಯ ಮುಖ ನೋಡಿದಳು. ಆ ಒಂದು ಗಳಿಗೆ ಅವಳೂ ಹೆಣ್ಣಾಗಿದ್ದಳು. ಆಮೇಲೆ ಮತ್ತೆ ನಾದಿನಿಯಾದಳು.

"ನಾನು ಹೇಳ್ಲಿಲ್ವಾ ಅತ್ತಿಗೆ? ನೋಡಿದೋನೇ ಅಲ್ಲ."

"ಹೌದು ಕಣೇ," ಎಂದಳು ಅವಳು. "ನೀನೇ ಸರಿ."

ಎದೆಯೊಳಗೆ ಏನೋ ಕಳಚಿ ಬಿತ್ತು. ನೋವಾಗಲಿಲ್ಲ, ನಾಚಿಕೆಯಾಯಿತು. ನಲವತ್ತೊಂದು ವರ್ಷ ತಲೆ ಬಾಚಿಕೊಂಡು ಕೂತಿದ್ದಕ್ಕೆ ನಾಚಿಕೆ. ಆ ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಹಾಲು ಉಕ್ಕಿದ ಹಾಗೆ.

ಲೆಕ್ಚರರು ಇಷ್ಟರಲ್ಲಿ ರಿಪೇರಿ ಮೇಜಿನ ಹತ್ತಿರ ಹೋಗಿದ್ದರು. ಬಿಳಿ ಬಟ್ಟೆಯ ಮೇಲೆ ಒಂದು ಲೆನ್ಸು, ಅದಕ್ಕೆ ಕಟ್ಟಿದ ಚೀಟಿ. "ಇದು ನಂದೇ! ಮೊನ್ನೆ ಫೋನ್ ಮಾಡಿ ಮುಗೀತು, ಟೆಸ್ಟು ಒಂದು ಬಾಕಿ ಅಂದಿದ್ರು." ಗಂಟಲು ಸರಿಮಾಡಿಕೊಂಡರು. ಚೀಲದಿಂದ ಹೊಸ ಕ್ಯಾಮೆರಾ ತೆಗೆದು, ಲೆನ್ಸು ಅದಕ್ಕೆ ಕೂರಿಸಿದರು, ಕೈಗೆ ತಡೆಯಲಾಗಲಿಲ್ಲ. "ತಪ್ಪು ತಿಳೀಬೇಡಿ ಅಮ್ಮ. ಇದು ಅವರು ಮುಟ್ಟಿದ ಕೊನೇ ಲೆನ್ಸು. ನೀವು ಒಂದೇ ಒಂದು ನಿಮಿಷ ಆ ಕುರ್ಚಿ ಮೇಲೆ..."

"ಥೂ, ಸುಮ್ನಿರ್ರೀ," ಎಂದರು ಫೋಟೋಗ್ರಾಫರು. ಅಂದರೂ ಅವರ ಕಣ್ಣು ಕುರ್ಚಿಯ ಕಡೆಗೇ ಹೋಯಿತು.

"ನಾನ್ಯಾಕೆ?" ಎಂದಳು ಅವಳು. "ಅವರೇ ಇದಾರಲ್ಲ. ಅಲ್ಲಾಡಲ್ಲ. ತೆಗೀರಿ."

"ಅಮ್ಮಾ..."

"ಮೂಗಿದೆ, ಕಿವಿಯಿದೆ, ರೆಪ್ಪೆಯಿದೆ. ಇನ್ನೇನು ಬೇಕು ನಿಮಗೆ? ಕೂತ್ಕೊಳ್ಳಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾಚಿಕೆಯಾಯಿತು, ಇಲ್ಲವೆನ್ನಲಾರೆ. ಎಂಜಲು ನುಂಗುವಷ್ಟು ಹೊತ್ತು ಇತ್ತು. ಆಮೇಲೆ ಲೆಕ್ಚರರು ಮಂಚದ ಮುಂದೆ ಮಂಡಿಯೂರಿ ಕ್ಯಾಮೆರಾ ಕಣ್ಣಿಗೇರಿಸಿದರು. ಉಂಗುರ ತಿರುಗಿತು. ಫೋಟೋಗ್ರಾಫರು ಅವರ ಭುಜದ ಮೇಲಿಂದ ಬಗ್ಗಿ ಕ್ಯಾಮೆರಾದ ಪುಟ್ಟ ಪರದೆ ನೋಡಿದರು.

"ಗಾಡಿ ಬಂತು!" ಎಂದು ನಾದಿನಿ ಹೊರಗಿನಿಂದ ಕೂಗಿದಳು. ಒಳಗೆ ಬಂದು ನೋಡಿ ಹೌಹಾರಿದಳು. "ಅಯ್ಯಯ್ಯೋ, ಏನ್ ಮಾಡ್ತಿದೀರ? ಅತ್ತಿಗೆ, ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಐದು ನಿಮಿಷ ನಿಲ್ಲೋಕೆ ಹೇಳು. ಇನ್ನೂ ಫೋಕಸ್ ಆಗಿಲ್ಲ."

"ಬೆಳಕು ಸಾಲದು," ಎಂದರು ಫೋಟೋಗ್ರಾಫರು, ಅಭ್ಯಾಸಬಲದಿಂದ.

ಅವಳು ಹೋಗಿ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಹತ್ತು ಗಂಟೆಯ ಬಿಸಿಲು ಮಂಚದವರೆಗೂ ಬಂತು. ಹೆಣದ ಮುಖ ಗೋಡೆಯ ಕಡೆ ವಾಲಿತ್ತು, ಅರ್ಧ ನೆರಳಿನಲ್ಲಿ.

"ಸ್ವಲ್ಪ ಈ ಕಡೆ ಇದ್ದಿದ್ರೆ..." ಎಂದ ಲೆಕ್ಚರರು ಮಾತು ಮುಗಿಸಲಿಲ್ಲ.

ಅವಳು ಗಂಡನ ಗದ್ದಕ್ಕೆ ಎರಡು ಬೆರಳು ಹಚ್ಚಿ ಕಿಟಕಿಯ ಕಡೆ ಒತ್ತಿದಳು. ಕತ್ತು ಬಿಗಿದುಹೋಗಿತ್ತು, ತಿರುಗಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಚದ ಮೇಲೆ ಮೊಣಕಾಲೂರಿ, ಎರಡೂ ಕೆನ್ನೆಗಳನ್ನು ಅಂಗೈಯಲ್ಲಿ ಭದ್ರವಾಗಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಬೆಳಕಿನ ಕಡೆಗೆ ತಿರುಗಿಸತೊಡಗಿದಳು.