ಹಣಮಮ್ಮನ ಪುಸ್ತಕಕ್ಕೆ ಮುನ್ನುಡಿ

"ಏ ಹಣಮಿ, ಕಥಿ ಬರದ್ರ ಕಟ್ಟಿ ಮ್ಯಾಲ ಕುಂದರಾಕ ಪರವಾನಗಿ ಸಿಕ್ತು ಅಂದ್ಕೊಂಡಿಯೇನ? ಕೆಳಗಿಳಿ. ಮೊದ್ಲ ತೊಗರಿ ಹಸನ ಮಾಡು. ಸಾಹಿತ್ಯ ಆಮ್ಯಾಲ."

ವಿಶ್ವರಾಧ್ಯ ಸರ್ ಗದರಿದ್ದಕ್ಕೆ ಹಣಮಮ್ಮ ಅಂಗಳಕ್ಕಿಳಿದು ಮೊರ ಹಿಡಿದಳು. ವಡಗೇರಾ ಕಡೆಯ ಕೇರಿಯಿಂದ ಶಹಾಪುರದ ಈ ಮನೆಗೆ ಬರುತ್ತಿರುವುದು ಇದು ಹನ್ನೊಂದನೆಯ ಭಾನುವಾರ. ಸರ್ ನಿವೃತ್ತ ಪ್ರಾಧ್ಯಾಪಕರು; ಅವಳ ಊರಿನಲ್ಲಿ ಎಂಬತ್ತು ಎಕರೆಯ ಧಣಿ; ಹೊಸ ಬರಹಗಾರರಿಗೆ ದಾರಿ ತೋರುವವರೆಂದು ಪೇಪರಿನಲ್ಲಿ ಫೋಟೊ ಬಂದವರು. ಅವರ ಮುನ್ನುಡಿಯಿದ್ದರೆ ಅವಳ ಹತ್ತು ಕಥೆ ಪುಸ್ತಕವಾಗುತ್ತವೆ, ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ. ಹಾಗೆ ಹೇಳಿದವರೂ ಅವರೇ. ಪ್ರೆಸ್ಸಿನ ಗಯಾಸ ಕೂಡ ಮುನ್ನುಡಿಗೆ ಕಾಯುತ್ತಿದ್ದ. ಹತ್ತು ಭಾನುವಾರ ಅವಳು ಈ ಮನೆಯ ಕೊಟ್ಟಿಗೆ ಬಳಿದಳು, ಗೋಡೆಗೆ ಸುಣ್ಣ ಹಚ್ಚಿದಳು. ಕೊಟ್ಟಿಗೆಯಲ್ಲಿ ಎರಡು ಕರು ಹುಟ್ಟಿದವು. ಮುನ್ನುಡಿ ಹುಟ್ಟಲಿಲ್ಲ.

ಮಧ್ಯಾಹ್ನ ಸರ್ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೊನೆಯ ಕಥೆ ತೆಗೆದರು. ಅವಳ ತಂಗಿ ಗೊಲ್ಲಾಳಮ್ಮನ ಕಥೆ ಅದು. ಹತ್ತಿ ಬೆಳೆಗೆ ಔಷಧಿ ಹೊಡೆಯುತ್ತ ನೊರೆ ಕಾರಿ ಬಿದ್ದದ್ದು, ದವಾಖಾನೆಗೆ ಒಯ್ಯಲು ಧಣಿ ಜೀಪು ಕೊಡದ್ದು, ಹುಡುಗಿ ಬದುವಿನ ಮೇಲೇ ಸತ್ತದ್ದು.

"ಒಂಬತ್ತು ಕಥಿ ಬೇಸ್ ಅವ, ಚಂದ ಅವ. ಇದೊಂದ್ ತೆಗಿ."

"ಇದೊಂದ್ ಬರೀಬೇಕಂತೇ ಕಥಿ ಬರಿಯಾಕ ಹತ್ತೀನ್ರಿ ಸರ್."

"ಜೀಪಿನ ಸೀಟು ಮೈಲಿಗಿ ಆಗ್ತದ ಅಂದ್ರು ಅಂತ ಬರದೀಯಲ್ಲ, ಯಾರಂದ್ರು?"

"ನೀವೇ ಅಂದ್ರಿ. ತಂಗಿ ತಲಿ ನನ್ನ ತೊಡಿ ಮ್ಯಾಲಿತ್ತು."

"ಹಲ್ಕಟ್ ರಂಡಿ. ನನ್ನ ಅಂಗಳದಾಗ ಕುಂತು ನನಗೇ ಹೇಳ್ತಿ?"

ಕೆಂಪು ಪೆನ್ನು ಹಾಳೆಯ ಮೂಲೆಯಿಂದ ಮೂಲೆಗೆ ಹರಿಯಿತು. ಅಂಚಿನಲ್ಲಿ ಬರೆದರು: 'ಇದು ಕಥೆಯಲ್ಲ, ಚಾಡಿ. ಇದನ್ನು ತೆಗೆದರೆ ಮಾತ್ರ ಮುನ್ನುಡಿ.' ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಕೆಳಗೆ ಸಹಿ, ತಾರೀಖು ತಾವಾಗಿಯೇ ಬಿದ್ದವು. ಹಾಳೆಗಳನ್ನು ಅವಳ ಮುಖಕ್ಕೆ ಎಸೆದರು.

ಹಣಮಮ್ಮ ಅಳಲಿಲ್ಲ. ಒಂದೊಂದೇ ಹಾಳೆ ಆರಿಸಿಕೊಂಡಳು. ಬೆಳಗಿನಿಂದ ಹಸನು ಮಾಡಿದ ತೊಗರಿಯನ್ನೆಲ್ಲ ಕಸದ ಗುಂಪಿಗೆ ಸುರುವಿ ನಡೆದಳು. ಸಹಿ ಮಾಡಿದ್ದು ಸರ್‌ಗೆ ಆಗ ನೆನಪಾಯಿತು.

"ಏ, ಆ ಹಾಳಿ ಕೊಟ್ಟ್ ಹೋಗು."

ಅವಳು ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಳ ದಾಟಿದಳು.

ಬಸ್ ಸ್ಟ್ಯಾಂಡಿನ ಹಿಂದೆ ಗಯಾಸ ಪ್ರೆಸ್ಸಿನಲ್ಲಿ ಒಬ್ಬನೇ ಇದ್ದ.

"ಮುನ್ನುಡಿ ಸಿಕ್ತಾ ಅಕ್ಕಾ?"

"ಸಿಕ್ತು." ಕೆಂಪು ಗೀಟಿನ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟಳು. "ಹೆಂಗದನೋ ಹಂಗೇ ಹಾಕು. ಗೀಟು, ಸಹಿ, ತಾರೀಖು ಸೈತ. ಮ್ಯಾಲ 'ಮುನ್ನುಡಿ' ಅಂತ ಬರಿ. ಕೊನೀಗಿ ಆ ಕಥಿ ಪೂರಾ ಇರ್ಲಿ."

ಗಯಾಸ ಓದಿದ.

"ನಾಳಿಂದ ನಿನ್ನ ಯಾರ್ ಕೂಲಿಗಿ ಕರೀತಾರಕ್ಕಾ? ನನ್ನ ಅಂಗಡಿ ಉಳೀತದಾ?"

"ನೀ ಒಲ್ಲೆ ಅಂದ್ರ ಸುರಪುರಕ್ಕ ಒಯ್ತೀನಿ. ಹೇಳು."

ಅವನು ಎದ್ದು ಶಟರ್ ಅರ್ಧ ಎಳೆದು ಬಂದು ಸ್ಕ್ಯಾನರಿನ ಮುಚ್ಚಳ ಹಾಕಿದ. ಅಷ್ಟರಲ್ಲಿ ಹೊರಗೆ ಧಣಿಯ ಜೀಪು ಬಂದು ನಿಂತ ಸದ್ದು. ಶಟರಿನ ಕೆಳಗೆ ಎರಡು ಕರಿ ಬೂಟು ಕಂಡವು. ಬಟನ್ನಿನ ಮೇಲೆ ಗಯಾಸನ ಬೆರಳು ನಿಂತಿತು.

"ತಂಗಿ ಸಾಯೋ ಮುಂದ ಬರ್ಲಿಲ್ಲ, ಈಗ ಬಂತು ನೋಡು ಜೀಪು," ಎಂದಳು ಹಣಮಮ್ಮ. "ಒತ್ತು."